ಕುರ್ಲಾದಿಂದ ಇಳಕಲ್ಲಿಗೆ ಒಂದು ಲೇಥು

ತಡೀರಿ, ಒಂದ ನಿಮಿಷ. ಯಾರರ ಈಗ ಭಾರಿ ಸಾಮಾನು ಒಂದನ್ನ ದೂರದ ಊರಿಗೆ ಕಳಸಾಕ ಸಸ್ತಾ ಗಾಡಿ ಹುಡುಕಾಕತ್ತಿದ್ರ ಫೋನ್ ಕೆಳಗಿಡ್ರಿ. ಇದನ್ನ ಪೂರ್ತಿ ಓದ್ರಿ, ಆಮ್ಯಾಲ ಬುಕ್ ಮಾಡ್ರಿ. ಇಂಥದ್ದೊಂದು ನನಗ ಆವಾಗ ಓದಾಕ ಸಿಕ್ಕಿದ್ರ ನಾ ಇವತ್ತ ಇದನ್ನ ಬರೀತಿರಲಿಲ್ಲ.

ಸಾಮಾನು ಅಂದ್ರ ಒಂದು ಲೇಥು. ಕಬ್ಬಿಣದ ರಾಡನ್ನ ಗರಗರ ತಿರಗಿಸಿ ಅಳತಿಗೆ ಕಡ್ಯೋ ಮಶೀನು. ಆರು ಫೂಟಿನ ಬೆಡ್ಡು, ಎಲ್ಲಾ ಸೇರಿ ಹತ್ರಹತ್ರ ಒಂದು ಟನ್. ಬೆಡ್ ಅಂದ್ರ ಅದರ ಬೆನ್ನೆಲುಬು ಅಂತ ತಿಳ್ಕೊರಿ. ಬೀಡು ಕಬ್ಬಿಣದ ಉದ್ದನೆ ಮೈ, ಮಶೀನಿನ ಉಳಿದ ಭಾಗ ಎಲ್ಲಾ ಅದರ ಮ್ಯಾಲ ಕುಂತಿರ್ತಾವು, ಸರಿದಾಡ್ತಾವು. ಬೀಡು ಭಾರ ಎಷ್ಟರ ಹೊರ್ತೈತಿ, ಏಟು ಮಾತ್ರ ತಡ್ಕೊಳ್ಳಂಗಿಲ್ಲ. ಬಗ್ಗಂಗಿಲ್ಲ, ಸೀಳ್ತೈತಿ. ಇದು ನನಗ ಚಲೋ ಗೊತ್ತಿತ್ತು. ಗೊತ್ತಿತ್ತು ಅನ್ನೋದನ್ನ ಮೊದಲ ಹೇಳಿಬಿಡ್ತೀನಿ.

ಈ ಲೇಥಿನ ಮ್ಯಾಲ ನಮ್ಮ ಭಾಯ್, ಅಂದ್ರ ನಮ್ಮಣ್ಣ, ಹನ್ನೊಂದು ವರ್ಷ ಕೆಲಸ ಮಾಡ್ಯಾನ. ಮುಂಬೈದ ಕುರ್ಲಾದಾಗ ಒಂದು ಗಲ್ಲಿಯೊಳಗ ತಗಡಿನ ಪತ್ರಾ ಹೊದಿಸಿದ ಸಣ್ಣ ವರ್ಕ್‌ಶಾಪ್ ಇತ್ತು, ಅಲ್ಲಿ. ಆ ಸಾಲು ಪೂರ್ತಿ ಕೆಡವಿ ಬಿಲ್ಡಿಂಗ್ ಏಳಸ್ತಾರ ಅಂತ ಆತು. ಮಾಲಕ ವಯಸ್ಸಾದ ಮನಷ್ಯಾ, ಇನ್ನ ಸಾಕು ಅಂದ. ಹೋಗೋ ಮುಂದ ಭಾಯ್‌ಗೆ ಈ ಮಶೀನು ನನಗಿಂತ ನಿನಗ ಹೆಚ್ಚು ಗೊತ್ತು, ನೀನ ಇಟ್ಕೊ ಅಂತ ಹೇಳಿ ಹೋದ.

ಭಾಯ್ ಇಳಕಲ್ಲಿಗೆ ಹೋಗಿ ಸ್ವಂತ ಶೆಡ್ ಹಾಕ್ತೀನಿ ಅಂತ ಕುಂತ. ನಮ್ಮೂರು ಅದು. ಗ್ರಾನೈಟ್ ಪಾಲಿಶ್ ಫ್ಯಾಕ್ಟರಿ ಬೇಕಾದಷ್ಟು ಅದಾವು, ಅಲ್ಲಿ ದಿನಾ ಒಂದಿಲ್ಲೊಂದು ಶಾಫ್ಟ್ ತುಂಡಾಗ್ತೈತಿ, ರೋಲರ್ ಸವೀತೈತಿ. ಒಬ್ಬ ಫ್ಯಾಕ್ಟರಿ ಮಾಲಕ ಭಾಯ್‌ಗೆ ಬಾಯಿ ಬಿಟ್ಟು ಹೇಳಿದ್ದ: ಬರೋ ತಿಂಗಳು ಮುಗ್ಯೋದ್ರಾಗ ನಿನ್ನ ಲೇಥು ಇಲ್ಲಿ ನಿಂತು ತಿರಗಿದ್ರ ನಮ್ಮ ಕೆಲಸ ಎಲ್ಲಾ ನಿನ್ನವು, ಇಲ್ಲಾಂದ್ರ ಹುಬ್ಬಳ್ಳಿಯವಂಗ ವರ್ಷದ ಗುತ್ತಿಗೆ ಕೊಟ್ಟುಬಿಡ್ತೀನಿ. ಭಾಯ್ ಭಾಭಿ-ಮಕ್ಕಳನ್ನ ಕರ್ಕೊಂಡು ಮೊದಲ ಹೋದ. ಶೆಡ್ ಹಾಕಿಸಿ, ತ್ರೀ-ಫೇಸ್ ಕರೆಂಟ್ ತಗೊಂಡು, ಫೌಂಡೇಶನ್ ಹೊಯ್ಯೋದು ಅವನ ಪಾಲಿಗೆ. ಲೇಥು ಕಳಸೋದು ನನ್ನ ಪಾಲಿಗೆ.

ನಾ ಲೇಥಿನ ಕೆಲಸಾ ಯಾರ ಹತ್ರಾನೂ ಕಲತಿಲ್ಲ. ದಿನದಾಗ ಗೋರೆಗಾಂವ್ ಕಡೆ ಉಡುಪಿ ಹೋಟೆಲಿನ ಗ್ರೈಂಡರ್, ಮಿಕ್ಸರ್ ರಿಪೇರಿ ಮಾಡ್ತೀನಿ. ಲೇಥಿನ ಹುಚ್ಚು ವಿಡಿಯೋ ನೋಡಿ ಹತ್ತಿದ್ದು. ಎಂಟು ತಿಂಗಳು, ಪ್ರತಿ ರವಿವಾರ, ಭಾಯ್‌ನ ಲೇಥು ಬಿಚ್ಚಿ ರಿಪೇರಿ ಮಾಡೀನಿ. ಬೆಡ್ ಸವದು ನಡಬರಕ ತಗ್ಗು ಬಿದ್ದಿತ್ತು. ಅದನ್ನ ಸಪಾಟು ಮಾಡೋದಕ್ಕ ಸ್ಕ್ರೇಪಿಂಗ್ ಅಂತಾರ. ಸಪಾಟಾದ ಪಟ್ಟಿಗೆ ನೀಲಿ ಬಣ್ಣ ಹಚ್ಚಿ ಬೆಡ್ಡಿನ ಮ್ಯಾಲ ತಿಕ್ಕಬೇಕು, ಎಲ್ಲಿ ಉಬ್ಬು ಐತೋ ಅಲ್ಲಿ ನೀಲಿ ಹತ್ತತೈತಿ, ಅಷ್ಟನ್ನ ಕೈಯಿಂದ ಹೆರೀಬೇಕು. ಮತ್ತ ನೀಲಿ, ಮತ್ತ ಹೆರ್ಯೋದು. ಭಾಯ್ ನನ್ನನ್ನ "ಇಂಜಿನಿಯರ್ ಸಾಹೇಬ್" ಅಂತ ಆಡ್ಕೋತಿದ್ದ. ಈ ಸಾಹೇಬ್ರು ಹೆರ್ಯೋದು ಮುಗಸೋದ್ರಾಗ ಬೆಡ್ಡು ಪಟ್ಟಿ ಆಗ್ತೈತಿ ಅಂತಿದ್ದ. ಕಡೀ ದಿನ ಏರು-ತಗ್ಗು ಅಳ್ಯೋ ಡಯಲ್ ಗೇಜ್ ಇಟ್ಟು ಈ ತುದಿಯಿಂದ ಆ ತುದಿಗೆ ಓಡಿಸಿ ನೋಡಿದ, ಮುಳ್ಳು ಅಲ್ಲಾಡಿದ್ದ ಗೊತ್ತಾಗಲಿಲ್ಲ. ಹೊರಗ ಹೋಗಿ ತಾನ ಎರಡು ಚಾ ಹಿಡ್ಕೊಂಡು ಬಂದ. ನನಗ ಅಷ್ಟ ಸಾಕಾಗಿತ್ತು.

ಗಾಡಿ ಹುಡಕಾಕ ನಾ ಮೊದಲ ಹೋಗಿದ್ದು ದಹಿಸರ್‌ಗೆ. ನಗಬ್ಯಾಡ್ರಿ. ಅಲ್ಲಿ ಹೈವೇ ಮ್ಯಾಲ ಲಾರಿ ಸಾಲುಗಟ್ಟಿ ನಿಂತಿರ್ತಾವು, ಲೋಕಲ್‌ನ್ಯಾಗ ಕುಂತಾಗ ಎಷ್ಟೋ ಸಲ ನೋಡಿದ್ದೆ. ಒಬ್ಬ ಡ್ರೈವರ್ ಹತ್ರ ಹೋಗಿ ಇಳಕಲ್ ಅಂದೆ. ಅವ ಪಕ್ಕದ ಗಾಡಿಯವನ್ನ ಕರದು ನನ್ನ ತೋರಿಸಿ, ಈ ಹುಡುಗ ಗುಜರಾತ್ ಮ್ಯಾಲಿಂದ ಕರ್ನಾಟಕಕ್ಕ ಹೋಗ್ತಾನಂತ ನೋಡು ಅಂದ. ಅಲ್ಲಿ ನಿಂತಿದ್ದೆಲ್ಲಾ ಉತ್ತರಕ್ಕ ಹೋಗೋ ಗಾಡಿ. ಪಾಪ, ಚಾ ಕುಡಿಸಿ ವಾಶಿಗೆ ಹೋಗು ಅಂತ ದಾರಿ ಹೇಳಿದ್ರು.

ಪೂರ್ತಿ ಟೆಂಪೋ ಮಾಡೋದು ನಮ್ಮ ಕೈಯಾಗಿನ ಮಾತಲ್ಲ. ಕೇಳಿದ್ದೆಲ್ಲಾ ಶೆಡ್ಡಿನ ಖರ್ಚಿನ ಹತ್ರಹತ್ರ ಹೋಗ್ತಿತ್ತು. ಆಗ ನನಗ ರಿಟರ್ನ್ ಗಾಡಿ ಹೊಳೀತು. ಇಳಕಲ್ ಕಡಿಂದ ಗ್ರಾನೈಟ್ ಹೇರ್ಕೊಂಡು ಲಾರಿ ಮುಂಬೈಗೆ ಬರ್ತಾವು, ಇಳಿಸಿ ಖಾಲಿ ಹೋಗ್ತಾವು. ಖಾಲಿ ಹೋಗೋದಕ್ಕಿಂತ ಏನರ ಸಿಕ್ರ ಚಲೋ ಅಂತ ಡ್ರೈವರ್ ಕಮ್ಮಿಯಾಗ ಒಪ್ಪತಾರ. ನಾಕು ದಿನ ಫೋನ್ ಮಾಡಿ ಒಬ್ಬನ್ನ ಹಿಡದೆ. ಹುನಗುಂದ ಕಡ್ಯಾಂವ, ಮಾತಿನ್ಯಾಗ ಬೆಲ್ಲ. ಶುಕ್ರವಾರ ಮುಂಜಾನೆ ಬರ್ತೀನಿ ಅಂದ. ನಾ ನಾಕು ಮಂದಿ ಹಮಾಲರನ್ನ ಹೇಳಿ, ಚೈನ್ ಪುಲ್ಲಿ ತರಿಸಿ, ಲೇಥನ್ನ ಪೈಪಿನ ಮ್ಯಾಲ ಉರುಳಿಸ್ಕೊಂತ ಗಲ್ಲಿ ಬಾಯಿಗೆ ತಂದು ನಿಲ್ಲಿಸಿದೆ. ಒಂಬತ್ತಾತು, ಹನ್ನೊಂದಾತು. ಫೋನ್ ಎತ್ತಿದ. ತಮ್ಮಾ, ಪೂರ್ತಿ ಲೋಡ್ ಸಿಕ್ತು, ಪನವೇಲ್ ದಾಟೀನಿ, ಬ್ಯಾಸರ ಮಾಡ್ಕೋಬ್ಯಾಡ ಅಂದ. ರಿಟರ್ನ್ ಗಾಡಿ ಯಾರಿಗೂ ಕಾಯಂಗಿಲ್ಲ. ಅದರ ಪದ್ಧತೀನ ಹಂಗ, ಯಾರು ಗಾಡಿ ತುಂಬಸ್ತಾರ ಅವರದು ಗಾಡಿ. ಅವನ ಮ್ಯಾಲ ನಂಗ ಸಿಟ್ಟಿಲ್ಲ.

ಲೇಥು ಗಲ್ಲಿ ಬಾಯಾಗ ತಾಡಪತ್ರಿ ಹೊದ್ಕೊಂಡು ನಿಂತ್ಕೊಂತು. ಸಾಲಿನ ವಾಚ್‌ಮನ್ ಒಳ್ಳೇ ಮನಷ್ಯಾ, ಇನ್ನ ಹದಿನೈದು ದಿನ ಯಾರೂ ಏನೂ ಅನ್ನಂಗಿಲ್ಲ, ನಾ ನೋಡ್ಕೋತೀನಿ ಅಂದಿದ್ದ.

ಅದ ವಾರ ಗೋರೆಗಾಂವ್‌ದಾಗ ಒಂದು ಹೋಟೆಲಿನ ಗ್ರೈಂಡರ್ ಬಿಚ್ಚಿ ಕುಂತಿದ್ದೆ. ಅಲ್ಲಿಯ ಮ್ಯಾನೇಜರ್ ಕುಂದಾಪುರದ ಕಡೆಯವ್ರು. ನನ್ನ ಮಾರಿ ನೋಡಿ ಏನಾಯ್ತು ಅಂತ ಕೇಳಿದ್ರು, ಎಲ್ಲಾ ಹೇಳಿದೆ. ಅವ್ರು ಗಲ್ಲೆ ಬಿಟ್ಟು ಎದ್ದು ಬಂದು ನನ್ನ ಬಾಜೂಕ ಕುಂತ್ರು.

"ಹನ್ನೆರಡು ದಿನ ನಿಲ್ಲು ಮಾರಾಯ," ಅಂದ್ರು. "ನಮ್ಮ ಅಕ್ಕಿ ಗಾಡಿ ಬರ್ತದೆ. ಹೋಗುವಾಗ ಹುಬ್ಬಳ್ಳಿ ಮೇಲೇ ಹೋಗುದು. ಡ್ರೈವರ್ ನನ್ನ ಗುರ್ತದವ, ಮಗುವಿನ ಹಾಗೆ ತಕೊಂಡು ಹೋಗ್ತಾನೆ. ಅಲ್ಲಿಂದ ನಿಮ್ಮಣ್ಣ ಒಂದು ಟೆಂಪೋ ಮಾಡ್ಲಿ."

ಹನ್ನೆರಡು ದಿನ. ಲೆಕ್ಕ ಹಾಕಿ ನೋಡಿದ್ರ ತಿಂಗಳ ಮುಗ್ಯೋದಕ್ಕ ಇನ್ನೂ ಒಂದು ವಾರ ಉಳೀತಿತ್ತು. ವಾಚ್‌ಮನ್ ಹದಿನೈದು ದಿನ ಅಂದಿದ್ದ. ಎಲ್ಲಾ ಹೊಂದತಿತ್ತು. ಆದ್ರ ನಾ ಭಾಯ್‌ಗೆ ಶುಕ್ರವಾರ ಹೊರಡ್ತೈತಿ ಅಂತ ಹೇಳಿಬಿಟ್ಟಿದ್ದೆ. ಶುಕ್ರವಾರ ತಪ್ಪಿತ್ತು. ಇನ್ನ ಹನ್ನೆರಡು ದಿನ ಅಂತ ಹೇಳಾಕ ನನಗ ಬಾಯಿ ಬರಲಿಲ್ಲ. ನೋಡೋಣ ಸರ್ ಅಂದು ಗ್ರೈಂಡರ್ ಜೋಡಿಸಿ ಎದ್ದು ಬಂದೆ. ಆ ದಿನಾನ ಸಂಜಿಕ ವಾಶಿಗೆ ಹೋದೆ.

ವಾಶಿದಾಗ ಟ್ರಾನ್ಸ್‌ಪೋರ್ಟ್ ಆಫೀಸು ಒಂದರ ಬಾಜೂಕ ಒಂದು. ಅಲ್ಲಿ ಪಾರ್ಟ್ ಲೋಡ್ ಅಂತ ನಡೀತೈತಿ. ಹತ್ತು ಮಂದಿಯ ಮಾಲು ಒಂದ ಲಾರಿಯಾಗ ಹಾಕ್ತಾರ, ನಡುವ ಒಂದು ಗೋಡೌನಿನ್ಯಾಗ ಇಳಿಸಿ, ಬ್ಯಾರೆ ಬ್ಯಾರೆ ಊರಿನ ಗಾಡಿಗೆ ಮತ್ತ ಏರಸ್ತಾರ. ನಾ ಹೋದ ಆಫೀಸಿನ ಮಾಲು ಸೊಲ್ಲಾಪುರದ ಹತ್ರ ಗಾಡಿ ಬದಲಿ ಆಗ್ತಿತ್ತು. ಕೌಂಟರಿನ್ಯಾಗ ಒಬ್ಬ ಕ್ಲರ್ಕ್, ಕಣ್ಣಿಗೆ ಚಷ್ಮಾ, ಮಾತು ಕಮ್ಮಿ. ಲೇಥು ಅಂದ ಕೂಡಲೆ ಕಟ್ಟಿಗೆ ಪೆಟ್ಟಿಗೆ ಮಾಡಿಸೀರೇನು, ಬಿಲ್ ಐತೇನು, ಇನ್ಶೂರೆನ್ಸ್ ಬೇಕೇನು ಅಂತ ಕೇಳಿದ. ಮಶೀನ್ ಅಂತ ಬುಕ್ ಮಾಡಿದ್ರ ಎರಡೂ ಕಡೆ ಕ್ರೇನ್ ಹಚ್ಚಬೇಕು, ಅದರದೂ ನೀವ ಕೊಡಬೇಕು ಅಂದ. ಎಲ್ಲಾ ಕೂಡಿಸಿ ಹೇಳಿದ್ದು ಪೂರ್ತಿ ಟೆಂಪೋದ ಅರ್ಧಕ್ಕಿಂತ ಹೆಚ್ಚಾತು.

ಅವನ ಹಿಂದ ಗೋಡಿ ಮ್ಯಾಲ ರೇಟಿನ ಹಾಳಿ ಅಂಟಿಸಿದ್ರು. ಮಶೀನರಿಗೆ ಒಂದು ರೇಟು, ಹಳೆ ಕಬ್ಬಿಣ, ಸ್ಕ್ರ್ಯಾಪ್, ಅದಕ್ಕ ಇನ್ನೊಂದು. ಮೂರನೇ ಒಂದು ಪಾಲೂ ಇರಲಿಲ್ಲ. ಪೆಟ್ಟಿಗೆ ಬ್ಯಾಡ, ಬಿಲ್ ಬ್ಯಾಡ, ತೂಕ ಮಾಡಿ ಏರಸೋದು ಅಷ್ಟ.

ಯಾರೂ ನನಗ ಹೇಳಿಕೊಡಲಿಲ್ಲ. ನಾನ ಕೇಳಿದೆ. ಬಿಚ್ಚಿ ತುಂಡು ತುಂಡು ತಂದ್ರ ಸ್ಕ್ರ್ಯಾಪ್ ಅಂತ ಹಾಕಾಕ ಬರ್ತೈತೇನು ಅಂತ. ಕ್ಲರ್ಕ್ ಪೆನ್ ಕೆಳಗಿಟ್ಟು ನನ್ನ ನೋಡಿದ. ಹಿಂದಿಯಾಗ ಹೇಳಿದ್ದು, ನಾ ಕನ್ನಡದಾಗ ಬರೀತೀನಿ:

"ಏನ್ ಬರೀಲಿ ಅಂತ ನೀ ಹೇಳು. ಮುಂದಿನವ್ರು ನಾ ಬರದಿದ್ದನ್ನ ನೋಡ್ತಾರ. ಮಾಲು ನೋಡಂಗಿಲ್ಲ."

"ಸ್ಕ್ರ್ಯಾಪ್ ಬರೀರಿ," ಅಂದೆ.

ಖರೆ ಹೇಳಬೇಕಂದ್ರ ಆವಾಗ ನಾ ಖುಷಿಯಾಗಿದ್ದೆ. ಲೋಕಲ್‌ನ್ಯಾಗ ನಿಂತ್ಕೊಂಡು ನನ್ನಷ್ಟಕ್ಕ ನಾನ ನಗಾಕತ್ತಿದ್ದೆ. ದೊಡ್ಡ ದೊಡ್ಡ ಮಂದಿಗೆ ಹೊಳೀದಿದ್ದು ನನಗ ಹೊಳೀತು ಅಂತ. ಭಾಯ್‌ಗೆ ಫೋನ್ ಮಾಡಿ, ಸಸ್ತಾದಾಗ ಆಗೇತಿ, ಸೋಮವಾರ ಹೊರಡ್ತೈತಿ ಅಂದೆ. ಹೆಂಗ ಸಸ್ತಾ ಆತು ಅಂತ ಕೇಳಿದ. ಬಂದು ಹೇಳ್ತೀನಿ ಅಂದೆ. ಬೆಡ್ ಹುಷಾರಿ, ಬೇಕಾದ್ರ ಎರಡು ದಿನ ತಡಾ ಆಗ್ಲಿ ಅಂದ. ನನ್ನ ಮ್ಯಾಲ ಬಿಡು ಅಂದೆ.

ಬಿಚ್ಚೋ ಕೆಲಸಾ ಮಾತ್ರ ನಾ ಭಾಳ ಚಂದ ಮಾಡೀನಿ. ಬೆಡ್ ಒಂದು, ರಾಡ್ ಹಿಡಿದು ತಿರಗಸೋ ಹೆಡ್‌ಸ್ಟಾಕ್ ಒಂದು, ಎದುರಿನ ಟೇಲ್‌ಸ್ಟಾಕ್, ಕ್ಯಾರೇಜು, ಚಕ್ಕು, ಎರಡು ಕಾಲು. ಏಳು ನಗ. ಒಂದೊಂದು ಬೋಲ್ಟಿಗೂ ಚೀಟಿ. ಬೆಡ್ಡಿನ ಮೈಗೆ ಗ್ರೀಸ್ ಬಳದು, ಮ್ಯಾಲ ಪ್ಲಾಸ್ಟಿಕ್, ಅದರ ಮ್ಯಾಲ ಹಳೆ ಟ್ಯೂಬು, ಅದರ ಮ್ಯಾಲ ಗೋಣಿತಟ್ಟು ಹೊಲದೆ. ಕಾಲಿನ ತೂತುಗಳನ್ನ ಕಾಗದದ ಮ್ಯಾಲ ಬರಕೊಂಡು ಭಾಯ್‌ಗೆ ಮೊದಲ ಕಳಿಸಿದ್ದೆ, ಆ ಅಳತಿಗೆ ಅಂವ ಫೌಂಡೇಶನ್ ಬೋಲ್ಟ್ ನೆಟ್ಟಿದ್ದ.

ವಾಶಿಯಾಗ ಏರಸೋ ಮುಂದ ಖಡುವಿನಿಂದ, ಅಂದ್ರ ಸೀಮೆಸುಣ್ಣದಿಂದ, ಬೆಡ್ಡಿನ ಗೋಣಿ ಮ್ಯಾಲ ನಾಜೂಕ್ ಅಂತ ದೊಡ್ಡದಾಗಿ ಬರದೆ. ಒಬ್ಬ ಹಮಾಲ ನಿಂತು ಓದಿದ. ಬಾಜೂದವಂಗ, "ಸ್ಕ್ರ್ಯಾಪ್ ಭೀ ನಾಜೂಕ್ ಹೋನೆ ಲಗಾ ರೇ," ಅಂದ, ಈಗ ಗುಜರಿನೂ ನಾಜೂಕಾತು ನೋಡು ಅಂತ. ಎಲ್ಲಾರೂ ನಕ್ಕರು. ನಾನೂ ನಕ್ಕೆ.

ಬಸ್ ಹಿಡದು ಇಳಕಲ್ಲಿಗೆ ಹೋದೆ, ಚೀಲದಾಗ ಲೆವೆಲ್, ಡಯಲ್ ಗೇಜ್ ಎಲ್ಲಾ ಇಟ್ಕೊಂಡು. ಗುರುವಾರ ಮಧ್ಯಾಹ್ನ ಗಾಡಿ ಬಂತು. ಏಳೂ ನಗ ಬಂದಿದ್ದುವು. ಗೋಣಿ ಅಲ್ಲಲ್ಲಿ ಹರದಿತ್ತು, ಬಿಚ್ಚಿ ನೋಡಿದ್ರ ಬೆಡ್ಡಿನ ಮ್ಯಾಲ ಗ್ರೀಸ್ ಹಂಗ ಇತ್ತು. ಭಾಯ್ ಅಂಗೈಯಿಂದ ಈ ತುದಿಯಿಂದ ಆ ತುದಿತನಕ ಸವರಿದ. ಕಾಲು ಇಟ್ವಿ, ಆರೂ ಬೋಲ್ಟು ಒಂದ ಏಟಿಗೆ ತೂತಿನ್ಯಾಗ ಕುಂತುವು. ಭಾಭಿ ಶೆಡ್ಡಿನ ಬಾಗಲಾಗ ನಿಂತು ನೋಡಾಕತ್ತಿದ್ಲು, ಇಂಜಿನಿಯರ್ ಸಾಹೇಬ್ರಿಗೆ ಇವತ್ತ ಬಿರಿಯಾನಿ ಮಾಡ್ತೀನಿ ಅಂದ್ಲು.

ಮರುದಿನ ಲೆವೆಲ್ ಹಚ್ಚಾಕ ಕುಂತೆ. ಲೆವೆಲಿನ್ಯಾಗ ನೀರಿನ ಗುಳ್ಳಿ ನಡುವ ನಿಲ್ಲಬೇಕು. ನಿಲ್ಲವಲ್ದು. ಈ ಮೂಲಿ ಬೋಲ್ಟ್ ಬಿಗಿ ಮಾಡಿದ್ರ ಆ ಕಡೆ ಏರ್ತೈತಿ, ಅದನ್ನ ಇಳಿಸಿದ್ರ ಹೆಡ್‌ಸ್ಟಾಕ್ ಕುಂದ್ರೋ ಜಾಗಾ ಸರೀತೈತಿ. ಫೌಂಡೇಶನ್ ಇನ್ನೂ ಹಸಿ ಐತಿ ಅಂದೆ. ತಗಡಿನ ತುಂಡು ಕತ್ತರಿಸಿ ಕಾಲಿನ ಕೆಳಗ ತುರಕಿದೆ. ವಿಡಿಯೋದಾಗ ನೋಡಿದ್ದೆಲ್ಲಾ ಮಾಡಿದೆ. ಮಧ್ಯಾಹ್ನತನಕ ಮಾಡಿದೆ. ಭಾಯ್ ಮೂಲ್ಯಾಗ ಕುಂತು ನೋಡ್ತಿದ್ದ. ಎದ್ದು ಬಂದ, ಸಣ್ಣ ಸುತ್ತಿಗಿ ತಗೊಂಡು ಬೆಡ್ಡನ್ನ ಆ ತುದಿಯಿಂದ ಮೆಲ್ಲಕ ಬಡಕೊಂತ ಬಂದ. ಠಣ್, ಠಣ್ ಅಂತ ಗಂಟಿ ಹಂಗ ದನಿ. ಹೆಡ್‌ಸ್ಟಾಕ್ ಕುಂದ್ರೋ ಜಾಗಾದ ಹತ್ರ ಬಂದ ಕೂಡಲೆ ದನಿ ಸತ್ತು ಹೋತು. ಮಣ್ಣಿಗೆ ಬಡದಂಗ.

ಭಾಯ್ ಸುತ್ತಿಗಿ ಇಟ್ಟ. ಅರಬಿ ತುಂಡು ಡೀಸೆಲಿನ್ಯಾಗ ಅದ್ದಿ ಆ ಜಾಗಾ ಪೂರ್ತಿ ಒರಸಿದ. ಸ್ವಲ್ಪ ಹೊತ್ತು ಬಿಟ್ಟು ಒಣ ಅರಬಿಯಿಂದ ಒರಸಿ ತಗದ. ಮಗಳ ಶಾಲಿ ಚೀಲದಾಗಿನ ಖಡು ತರಿಸಿ ಪುಡಿ ಮಾಡಿ ಅಲ್ಲೆಲ್ಲಾ ತಿಕ್ಕಿದ. ಇದು ಹಳೆ ಟರ್ನರ್‌ಗಳ ಪದ್ಧತಿ. ಮ್ಯಾಲಿನ ಡೀಸೆಲ್ ಹೋದ್ರೂ ಸೀಳಿನ್ಯಾಗ ಹೊಕ್ಕಿದ್ದು ಒಳಗ ಇರ್ತೈತಿ, ಅದು ಮೆಲ್ಲಕ ಹೊರಗ ಬಂದು ಖಡು ತೋಯಿಸ್ತೈತಿ.

ಇಬ್ರೂ ಕುಂತು ನೋಡಿದ್ವಿ. ಬೆಳ್ಳಗಿನ ಪುಡಿಯೊಳಗ ಒಂದು ಕಪ್ಪು ಗೆರಿ ಮೂಡಾಕತ್ತು. ತಲಿಕೂದಲಷ್ಟು ತೆಳ್ಳಗ. ಮ್ಯಾಲಿಂದ ಶುರುವಾಗಿ ಅಡ್ಡ ಹೋಗಿ ಒಳಗಿನ ಪಕ್ಕೆತನಕ ಇಳೀತು. ನಾ ಎಂಟು ತಿಂಗಳು ಹೆರದ ಜಾಗಾ ಅದು, ಅದರ ನಟ್ಟನಡುವ.

ಭಾಯ್ ಅಂಗಿ ಕಿಸೆದಾಗಿಂದ ಬಿಲ್ಟಿ ತಗದ. ಬಿಲ್ಟಿ ಅಂದ್ರ ಟ್ರಾನ್ಸ್‌ಪೋರ್ಟಿನವ್ರು ಮಾಲಿನ ಜೋಡಿ ಕೊಡೋ ಕಾಗದ, ಹಿಂದಿನ ದಿನ ಸಹಿ ಮಾಡಿ ಮಡಚಿ ಇಟ್ಕೊಂಡಿದ್ದ, ಓದಿರಲಿಲ್ಲ. ಈಗ ಬಿಚ್ಚಿ ಓದಿದ. ಹಳೆ ಕಬ್ಬಿಣ, ಸ್ಕ್ರ್ಯಾಪ್, ಏಳು ನಗ.

"ಇದು ಅವ್ರು ಬರದದ್ದೋ, ನೀ ಬರಸಿದ್ದೋ?"

"ನಾನ ಬರಸಿದ್ದು, ಭಾಯ್."

ಬೈತಾನ ಅಂತ ಕಾಯ್ದೆ. ಬೈದಿದ್ರ ಚಲೋ ಇತ್ತು.

"ಅವ್ರಿಗೆ ಗೊತ್ತಿರಲಿಲ್ಲ," ಅಂದ. "ನಿನಗ ಗೊತ್ತಿತ್ತು."

ಕಾಗದ ಮತ್ತ ಅದ ಮಡಿಕಿಗೆ ಮಡಚಿ ಕಿಸೆದಾಗ ಇಟ್ಕೊಂಡು ಹೊರಗ ಹೋದ.

ನಾ ಸೊಲ್ಲಾಪುರದ ಹತ್ರ ಗಾಡಿ ಬದಲಿ ಮಾಡೋ ಆ ಗೋಡೌನಿಗೆ ಫೋನ್ ಹಚ್ಚಿದೆ. ಜಗಳಾ ಮಾಡಬೇಕಂತನ ಹಚ್ಚಿದ್ದು. ಅಲ್ಲಿಯ ಉಸ್ತುವಾರಿ ಮನಷ್ಯಾ ಕನ್ನಡದಾಗ ಮಾತಾಡಿದ, ದನಿ ಏರಿಸಲಿಲ್ಲ. ಬಿಲ್ಟಿ ನಂಬರ್ ಕೇಳಿ, ನೋಡಿ ಹೇಳಿದ. ಸ್ಕ್ರ್ಯಾಪ್ ಮಾಲು ಯಾರೂ ಕ್ರೇನಿಂದ ಇಳಸಂಗಿಲ್ಲ, ಗಾಡಿಯ ಹಿಂದಿನ ಪಾಟಿ ಬಿಚ್ಚಿ, ಕೆಳಗ ಎರಡು ಹಳೆ ಟಾಯರ್ ಒಗದು, ಮ್ಯಾಲಿಂದ ದೂಡ್ತಾರ. ಎಲ್ಲಾ ಕಡೆ ಹಂಗ. ನೀ ಮಶೀನ್ ಅಂತ ಬರಸಿದ್ರ ನಾನ ನಿಂತು ಇಳಿಸಸ್ತಿದ್ದೆ ಅಂದ. ಒಡದೈತಿ, ಪರಿಹಾರ ಕೊಡ್ರಿ ಅಂದೆ. ಆಗ ಅಂವ ಕೇಳಿದ್ದು ಇವತ್ತಿಗೂ ಕಿವ್ಯಾಗ ಐತಿ.

"ತಮ್ಮಾ, ತೂಕ ಕಮ್ಮಿ ಬಂದೈತೇನು?"

ಇಲ್ಲ ಅಂದೆ. ತೂಕ ಬರೋಬ್ಬರಿ ಇತ್ತು.

ಬಾಗಲಕೋಟಿಯಿಂದ ಒಬ್ಬ ವೆಲ್ಡರನ್ನ ಕರಸಿದೆ. ಕಾಯಿಸಿ ವೆಲ್ಡ್ ಮಾಡ್ತೀನಿ, ಕೂಡ್ತೈತಿ, ಆದ್ರ ಬೆಡ್ಡು ಸೊಟ್ಟಾಗಂಗಿಲ್ಲ ಅಂತ ಬರದುಕೊಡಂಗಿಲ್ಲ ಅಂದ. ಸೊಟ್ಟಾದ್ರ ಮತ್ತ ಹೆರೀತೀನಿ ಭಾಯ್, ಎರಡು ತಿಂಗಳು ಕೊಡು, ರಾತ್ರಿ ಹಗಲು ಕುಂದ್ರತೀನಿ ಅಂದೆ. ಎರಡು ತಿಂಗಳು ಯಾರ ಹತ್ರ ಇದ್ದುವು? ಭಾಯ್ ತಾನ ಫ್ಯಾಕ್ಟರಿಗೆ ನಡಕೊಂತ ಹೋದ, ನಮ್ಮಿಂದ ಆಗಂಗಿಲ್ಲ, ಹುಬ್ಬಳ್ಳಿಯವಂಗ ಕೊಡ್ರಿ ಅಂತ ಹೇಳಿಬರಾಕ. ನಾನೂ ಬರ್ತೀನಿ ಅಂದೆ. ಬ್ಯಾಡ ಅಂದ.

ಈಗ ಬಸ್‌ಸ್ಟ್ಯಾಂಡ್ ಹತ್ರ ಇನ್ನೊಬ್ಬರ ವರ್ಕ್‌ಶಾಪಿನ್ಯಾಗ ಕೂಲಿಗೆ ನಿಲ್ತಾನ. ಅಲ್ಲಿಯ ಲೇಥು ಸವದು ಹೋಗೇತಂತ, ಭಾಭಿ ಹೇಳಿದ್ಲು. ನನಗ ಫೋನ್ ಮಾಡ್ತಾನ, ಊಟ ಆತೇನು, ಗೋರೆಗಾಂವ್‌ದಾಗ ಕೆಲಸಾ ಹೆಂಗ ನಡದೈತಿ ಅಂತ ಕೇಳ್ತಾನ. ಎಂದೂ ಇಲ್ಲದಷ್ಟು ಚಲೋ ಮಾತಾಡ್ತಾನ. ಅದ ತಡ್ಯಾಕ ಆಗಂಗಿಲ್ಲ. ಬೆಡ್ಡು ಶೆಡ್ಡಿನ್ಯಾಗ ಐತಿ. ಗುಜರಿಯಾಂವ ಎರಡು ಸಲ ಬಂದು ಕೇಳ್ಯಾನಂತ, ಭಾಯ್ ಕೊಟ್ಟಿಲ್ಲ. ಯಾಕ ಕೊಟ್ಟಿಲ್ಲ ಅಂತ ಕೇಳೋ ಧೈರ್ಯ ನನಗಿಲ್ಲ.

ನಿಮ್ಮ ಹತ್ರ ಕೇಳೋದು ಇಷ್ಟ. ಭಾರಿ ಮಶೀನು ದೂರಕ್ಕ ಕಳಿಸಿದವ್ರು ಬಿಲ್ಟಿ ಮ್ಯಾಲ ಏನಂತ ಬರಸಿದ್ರಿ, ಮುಂದ ಏನಾತು, ಇದ್ದದ್ದು ಇದ್ದಂಗ ಕೆಳಗ ಬರೀರಿ. ಇನ್ನೊಂದು: ಸೀಳಿದ ಬೀಡಿಗೆ ವೆಲ್ಡ್ ಇಲ್ಲದ, ಕಾಯಿಸದ, ಉದ್ದಕ್ಕೂ ತೂತು ಕೊರದು ಕೀಲ ಹೊಡದು ಹೊಲೀತಾರ ಅಂತ ಓದೀನಿ. ಲೇಥಿನ ಬೆಡ್ಡನ್ನ ಯಾರರ ಹಂಗ ಹೊಲಿಸೀರೇನು? ಅದರ ಮ್ಯಾಲ ಮತ್ತ ಅಳತಿ ಕೆಲಸಾ ಬಂದೈತೇನು? ಬಂದಿದ್ರೂ ಬರೀರಿ, ಬಂದಿಲ್ಲಂದ್ರೂ ಬರೀರಿ, ನನಗ ಸಮಾಧಾನ ಆಗಲೆಂತ ಮಾತ್ರ ಬರೀಬ್ಯಾಡ್ರಿ. ಭಾಯ್‌ಗೆ ಇನ್ನೂ ಏನೂ ಹೇಳಿಲ್ಲ. ಈ ಸಲ ಪಕ್ಕಾ ಗೊತ್ತಾದ ಮ್ಯಾಲನ ಹೇಳ್ತೀನಿ.